70 ಬೀಗ, ಒಂದು ಗೋಡೆ: ಸಂಗ್ರಹ ತೂಗುಹಾಕಲು ಸಾಮಾನು ಹುಡುಕುವ ಬಗೆ

ನನ್ನ ಹತ್ತಿರ 70 ಹಳೇ ಬೀಗಗಳಿವೆ. ಮೊದಲನೆಯದು ಅಜ್ಜನ ಟ್ರಂಕಿನದ್ದು. ಉಳಿದವು ಸಂಡೇ ಬಜಾರಿನಲ್ಲಿ, ಊರಿನ ಗುಜರಿಯಲ್ಲಿ, ಹಳೇ ಮನೆ ಕೆಡವಿಸುತ್ತಿದ್ದ ನೆಂಟರ ಹತ್ತಿರ ಒಂದೊಂದಾಗಿ ಸಿಕ್ಕಿದವು. ಅಲಿಗಢದ ಹಿತ್ತಾಳೆ ಬೀಗಗಳೇ ಜಾಸ್ತಿ. ದಿಂಡಿಗಲ್‌ನ ದಪ್ಪ ಬೀಗ ಎರಡಿವೆ. ಗೋದ್ರೇಜ್‌ನ ನವತಾಲ್ ಮೂರ್ನಾಲ್ಕಿವೆ. ಹತ್ತು ವರ್ಷ ಇವೆಲ್ಲ ಬಿಸ್ಕತ್ತಿನ ಡಬ್ಬಿಗಳಲ್ಲಿ ಮಂಚದ ಕೆಳಗೆ ಬಿದ್ದಿದ್ದವು. "ಯಾರ ಕಣ್ಣಿಗೂ ಬೀಳದ ಹಾಗೆ ಇಡೋದಾದ್ರೆ ಗುಜರಿಯವನ ಹತ್ರಾನೇ ಇರಬಹುದಿತ್ತಲ್ವಾ" ಅಂತ ಹೆಂಡತಿ ಒಂದು ದಿನ ಅಂದಳು. ಗೋಡೆಗೆ ಹಾಕೋಣ ಅಂತ ಹೊರಟಿದ್ದು ಆಗ.

ಹೊರಟ ಮೇಲೆ ಗೊತ್ತಾಯಿತು, ಬೀಗ ತೂಗುಹಾಕುವ ಸಾಮಾನು ಅಂತ ಯಾರೂ ಮಾರುವುದಿಲ್ಲ. ಹುಡುಕಿದರೆ ಬಾಗಿಲಿಗೆ ಹಾಕುವ ಬೀಗಗಳೇ ಬರುತ್ತವೆ. ನೀವು ಕೂಡಿಟ್ಟಿರುವುದು ಬೆಂಕಿಪೊಟ್ಟಣದ ಚೀಟಿಯಾಗಲಿ, ಆಟಿಕೆ ಕಾರಾಗಲಿ, ಟೋಪಿಯಾಗಲಿ, ಇದೇ ಕಥೆ. ಆದರೆ ನಿಮ್ಮ ವಸ್ತುವಿನಂಥದ್ದನ್ನೇ ದಿನಾ ತೂಗುಹಾಕುವ ಕಸುಬಿನವರು ಎಲ್ಲೋ ಇದ್ದೇ ಇರುತ್ತಾರೆ. ಅವರು ಯಾರು ಅಂತ ಕಂಡುಹಿಡಿದು, ಅವರು ಸಾಮಾನು ಕೊಳ್ಳುವ ಅಂಗಡಿಗೆ ಹೋಗಬೇಕು. ನನಗೆ ಇದು ಹೊಳೆಯಲು ಒಂದು ಟೈಲ್ಸ್ ಒಡೆಯಬೇಕಾಯಿತು.

ಟೈಲ್ಸ್ ಒಡೆದ ಕಥೆ

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಒಂದು ಪೊಟ್ಟಣ ಸ್ಟೀಲ್ ಮೊಳೆ ತಂದೆ, ಸುತ್ತಿಗೆ ತೆಗೆದುಕೊಂಡೆ, ಹೊಡೆದೆ. ಅರ್ಧ ಮೊಳೆ ಒಳಗೆ ಹೋದವು, ಅರ್ಧ ಬಾಗಿದವು. ಎರಡು ಕಡೆ ರೂಪಾಯಿ ಅಗಲದ ಪ್ಲಾಸ್ಟರ್ ಉದುರಿತು. ನಿಂತ ಮೊಳೆಗಳಿಗೆ ಬೀಗ ಸಿಕ್ಕಿಸಿ, ಚೆನ್ನಾಗಿದೆ ಅಂದುಕೊಂಡು ಮಲಗಿದೆ. ರಾತ್ರಿ ಎರಡು ಗಂಟೆಗೆ ಧಡ್ ಅಂತ ಸದ್ದು. ಎಲ್ಲಕ್ಕಿಂತ ದೊಡ್ಡದು, 2 ಕಿಲೋ ದಾಟುವ ಗೋದಾಮಿನ ಬೀಗ, ಮೊಳೆ ಸಮೇತ ಕೆಳಗೆ ಬಿದ್ದಿತ್ತು. ಬೀಗಕ್ಕೆ ಏನೂ ಆಗಿರಲಿಲ್ಲ. ನೆಲದ ಟೈಲ್ಸ್ ಮಾತ್ರ ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತ್ತು.

ಮೊಳೆ ಹಿಡಿದುಕೊಂಡಿದ್ದು ಗೋಡೆಯನ್ನಲ್ಲ, ಪ್ಲಾಸ್ಟರನ್ನು. ಮನೆಯೊಳಗಿನ ಪ್ಲಾಸ್ಟರ್ ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ದಪ್ಪ ಇರುತ್ತದೆ. ಒಂದು ಇಂಚಿನ ಮೊಳೆಯ ಅರ್ಧ ಅದರಲ್ಲೇ ಮುಗಿದುಹೋಗುತ್ತದೆ. ಸ್ವಲ್ಪ ಭಾಗ ಹೊರಗೂ ಬೇಕಲ್ಲ, ಇನ್ನು ಗೋಡೆಯೊಳಗೆ ಹೋಗಲು ಏನು ಉಳಿಯಿತು?

ಮೊದಲು ತಕ್ಕಡಿ, ಆಮೇಲೆ ಅಂಗಡಿ

ಏನೂ ಕೊಳ್ಳುವ ಮುಂಚೆ ಅಡುಗೆಮನೆ ತಕ್ಕಡಿಯಲ್ಲಿ ಎಲ್ಲವನ್ನೂ ತೂಗಿ. ಬೇಜಾರಿನ ಕೆಲಸ, ಆದರೆ ಒಂದೇ ಸಂಜೆ ಸಾಕು. ನನ್ನ 70 ಬೀಗ ಸೇರಿ 24 ಕಿಲೋ ಬಂತು. ಅದರಲ್ಲಿ ನಾಲ್ಕು ದೊಡ್ಡವೇ 6 ಕಿಲೋ. ಉಳಿದ 66 ಸೇರಿ 18 ಕಿಲೋ, ಅಂದರೆ ಒಂದಕ್ಕೆ ಸರಾಸರಿ 270 ಗ್ರಾಮ್. ಈ ಲೆಕ್ಕ ಕೈಗೆ ಬಂದ ಕೂಡಲೇ ಅರ್ಧ ಕೆಲಸ ಆದ ಹಾಗೆ. ನಾಲ್ಕು ದೊಡ್ಡವಕ್ಕೆ ಒಂದು ಏರ್ಪಾಡು, 66 ಸಣ್ಣವಕ್ಕೆ ಇನ್ನೊಂದು. ಎಲ್ಲಕ್ಕೂ ಒಂದೇ ಹುಕ್ ಹುಡುಕುತ್ತಾ ಕೂತಿದ್ದೇ ನನ್ನ ಮೊದಲ ತಪ್ಪು.

ತೂಕದ ಜೊತೆ ಇನ್ನೆರಡು ಅಳತೆ ಬರೆದಿಟ್ಟುಕೊಳ್ಳಿ. ವಸ್ತುವಿನಲ್ಲಿ ಹಿಡಿತ ಸಿಗುವ ಜಾಗ ಎಲ್ಲಿ, ಅದರ ಅಗಲ ಎಷ್ಟು. ಮತ್ತೆ ಗೋಡೆಯಿಂದ ಅದು ಎಷ್ಟು ಮುಂದಕ್ಕೆ ಚಾಚುತ್ತದೆ. ಬೀಗಕ್ಕೆ ಹಿಡಿತ ಅಂದರೆ ಮೇಲಿನ ಕೊಂಡಿ. ನನ್ನ ಸಂಗ್ರಹದ ಅತಿ ಸಣ್ಣ ಬೀಗದ ಕೊಂಡಿಯೊಳಗೆ 9 ಮಿಲಿಮೀಟರಿಗಿಂತ ದಪ್ಪದ್ದೇನೂ ತೂರುವುದಿಲ್ಲ. ಇಡೀ ಏರ್ಪಾಡನ್ನು ತೀರ್ಮಾನಿಸಿದ್ದು ಈ ಒಂದು ಅಳತೆ.

ಚಾಚುವಿಕೆ ಯಾಕೆ ಮುಖ್ಯ ಅಂದರೆ, ಹುಕ್ ಉದ್ದ ಆದಷ್ಟೂ ಅದು ಸ್ಕ್ರೂವನ್ನು ಗೋಡೆಯಿಂದ ಹೊರಕ್ಕೆ ಮೀಟುತ್ತದೆ. ಕೈ ಮೈಗೆ ಒತ್ತಿಕೊಂಡು ನೀರಿನ ಬಿಂದಿಗೆ ಹಿಡಿದು ನೋಡಿ, ಆಮೇಲೆ ಕೈ ಚಾಚಿ ಅದೇ ಬಿಂದಿಗೆ ಹಿಡಿದು ನೋಡಿ. ಗೋಡೆಗೂ ಹಾಗೇ ಅನ್ನಿಸುತ್ತದೆ.

ತೂಗುವಾಗಲೇ ಒಂದು ಅಯಸ್ಕಾಂತವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಹಿತ್ತಾಳೆಗೆ ಅಯಸ್ಕಾಂತ ಅಂಟುವುದಿಲ್ಲ. ಹಿತ್ತಾಳೆ ಅಂತ ಹೇಳಿ ನನಗೆ ಮಾರಿದ್ದ ಮೂರು ಬೀಗಗಳ ಮೈಗೆ ಅದು ಟಪ್ಪಂತ ಅಂಟಿಕೊಂಡಿತು. ಒಳಗೆ ಕಬ್ಬಿಣ, ಮೇಲೆ ಬರೀ ಲೇಪ. ನಿಜವಾದ ಹಿತ್ತಾಳೆ ಬೀಗಕ್ಕೂ ಕೊಂಡಿ ಉಕ್ಕಿನದ್ದಾಗಿರಬಹುದು, ಹಾಗಾಗಿ ಮೈಗೆ ಇಟ್ಟು ನೋಡಬೇಕು. ಅಯಸ್ಕಾಂತದ ಪಟ್ಟಿ ತಂದು ಸಂಗ್ರಹ ಅಂಟಿಸೋಣ ಅಂದುಕೊಂಡವರಿಗೆ ಆ ಆಲೋಚನೆ ನಡೆಯುತ್ತೋ ಇಲ್ಲವೋ ಅಂತಲೂ ಇಲ್ಲೇ ಗೊತ್ತಾಗುತ್ತದೆ.

ಗೋಡೆ ಯಾವುದು?

ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಬಣ್ಣ ಬಳಿದ ಮೇಲೆ ಎಲ್ಲ ಗೋಡೆಯೂ ಒಂದೇ ಥರ ಕಾಣುತ್ತದೆ. ಅಲ್ಮೇರಾ ಹಿಂದೆಯೋ ಸೋಫಾ ಹಿಂದೆಯೋ, ಕಾಣದ ಕಡೆ ಒಂದು ತೂತು ಕೊರೆದು, ಬೀಳುವ ಪುಡಿ ನೋಡಿ. ಮೊದಲು ಬಿಳಿ ಪುಡಿ ಬರುತ್ತದೆ, ಅದು ಪುಟ್ಟಿ. ಆಮೇಲೆ ಬೂದು ಮರಳು, ಅದು ಪ್ಲಾಸ್ಟರ್. ಅದರ ಹಿಂದೆ ಬರುವುದೇ ಗೋಡೆ.

ಕೆಂಪು ಪುಡಿ ಬಂದರೆ ಸುಟ್ಟ ಇಟ್ಟಿಗೆ. ನಿಶ್ಚಿಂತೆ, ಇಟ್ಟಿಗೆ ಗಿಟ್ಟಿಯನ್ನು, ಅಂದರೆ ಸ್ಕ್ರೂ ಕೂರಲು ತೂತಿನೊಳಗೆ ಹಾಕುವ ಪ್ಲಾಸ್ಟಿಕ್ ಬೂಚನ್ನು, ಚೆನ್ನಾಗಿ ಹಿಡಿಯುತ್ತದೆ. ಇಟ್ಟಿಗೆಗಳ ನಡುವಿನ ಗಾರೆಯಲ್ಲಿ ತೂತು ಬೀಳದ ಹಾಗೆ ನೋಡಿಕೊಂಡರೆ ಸಾಕು. ಬೂದು ಪುಡಿಯೇ ಮುಂದುವರಿದು, ಡ್ರಿಲ್ ಕಿರುಚಿಕೊಂಡು ಮುಂದಕ್ಕೇ ಹೋಗದಿದ್ದರೆ ಕಾಂಕ್ರೀಟ್ ಕಂಬ ಅಥವಾ ತೊಲೆ ಸಿಕ್ಕಿದೆ. ಕೈ ನೋಯುತ್ತದೆ, ಹಿಡಿತ ಮಾತ್ರ ಬಂಡೆಯಂಥದ್ದು. ಬೂದು ಪುಡಿ ಬಂದು ಡ್ರಿಲ್ ಇದ್ದಕ್ಕಿದ್ದಂತೆ ಒಳಗೆ ಜಾರಿದರೆ ಅದು ಹಾಲೋ ಬ್ಲಾಕ್, ಒಳಗೆ ಟೊಳ್ಳು. ಕರಾವಳಿಯ ಹಳೇ ಮನೆಗಳಲ್ಲಿ ಒರಟಾದ ಕಂದುಗೆಂಪು ಪುಡಿ ಬರುತ್ತದೆ. ಅದು ಮುರಕಲ್ಲು. ಅದರೊಳಗೆ ಸಣ್ಣ ಸಣ್ಣ ರಂಧ್ರಗಳಿರುವುದರಿಂದ ಸ್ವಲ್ಪ ದಪ್ಪ, ಉದ್ದದ ಗಿಟ್ಟಿ ಬೇಕು.

ಪ್ಲಾಸ್ಟರ್ ದಾಟಿದ ಮೇಲೂ ಮೈದಾ ಹಿಟ್ಟಿನ ಹಾಗೆ ಬಿಳಿಚಿದ ನುಣ್ಣನೆ ಪುಡಿ ಬರುತ್ತಾ, ಡ್ರಿಲ್ ಬೆಣ್ಣೆಯಲ್ಲಿ ಹೋದ ಹಾಗೆ ಹೋದರೆ ಅದು ಎಎಸಿ ಬ್ಲಾಕ್, ಅಂದರೆ ಹಗುರ ಕಾಂಕ್ರೀಟಿನ ಇಟ್ಟಿಗೆ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ತುಂಬ ಕಡೆ ಇದೇ ಇರುತ್ತದೆ. ನೀರಿಗೆ ಹಾಕಿದರೆ ತೇಲುವಷ್ಟು ಹಗುರ, ಒಳಗೆಲ್ಲ ಗಾಳಿಯ ಗುಳ್ಳೆ. ಸಾಮಾನ್ಯ ಗಿಟ್ಟಿ ಇದರಲ್ಲಿ ಸ್ಕ್ರೂ ತಿರುಗಿಸಿದಂತೆ ತಾನೂ ತಿರುಗುತ್ತಾ ಕೂರುತ್ತದೆ. ಎಎಸಿಗೆಂದೇ ಉದ್ದನೆಯ, ರೆಕ್ಕೆ ಅಥವಾ ಸುರುಳಿ ಇರುವ ನೈಲಾನ್ ಗಿಟ್ಟಿ ಸಿಗುತ್ತದೆ. ಅಂಗಡಿಯಲ್ಲಿ "ಎಎಸಿ ಗೋಡೆಗೆ" ಅಂತ ಬಾಯಿಬಿಟ್ಟು ಹೇಳಿ. ಇಂಥ ಗೋಡೆಗೆ ಡ್ರಿಲ್ಲಿನ ಹ್ಯಾಮರ್ ಗುಂಡಿ ಒತ್ತಲೇಬಾರದು. ತೂತು ಹಿಗ್ಗಿ ಕೆಲಸ ಕೆಡುತ್ತದೆ.

ಮಣ್ಣಿನ ಗೋಡೆಯಾದರೆ ಕೊರೆಯುವ ಯೋಚನೆ ಬಿಡಿ. ಕೆಳಗೆ ಕಾಲಿರುವ ಹಲಗೆಯನ್ನು ಗೋಡೆಗೆ ಒರಗಿಸುವುದೇ ಕ್ಷೇಮ.

ಎಸ್‌ಜೆಪಿ ರಸ್ತೆಯಲ್ಲಿ ಒಂದು ಬೆಳಗ್ಗೆ

ಬೆಂಗಳೂರಿನವರಿಗೆ ಹಾರ್ಡ್‌ವೇರ್ ಅಂದರೆ ಎಸ್‌ಜೆಪಿ ರಸ್ತೆ, ಎಸ್‌ಪಿ ರಸ್ತೆ, ಅವುಗಳ ಸುತ್ತಲಿನ ಗಲ್ಲಿಗಳು. ಎಲೆಕ್ಟ್ರಿಕ್ ಸಾಮಾನಿಗೆ ಬಿವಿಕೆ ಅಯ್ಯಂಗಾರ್ ರಸ್ತೆ. ಬೇರೆ ಊರಿನವರು ಪೇಟೆಯ ಹಳೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ. ಸಾಮಾನೆಲ್ಲ ಡಬ್ಬಿಗಳಲ್ಲಿ ತುಂಬಿಟ್ಟು, ಪ್ರತಿ ಡಬ್ಬಿಯ ಮೇಲೂ ಒಂದು ಮಾದರಿ ಕಟ್ಟಿರುತ್ತಾರಲ್ಲ, ಅಂಥದ್ದು. ಹೊಳೆಯುವ ಶೋರೂಮಿನಲ್ಲಿ ಈ ಥರದ ಕೆಲಸ ಆಗುವುದು ಕಡಿಮೆ.

ನಾನು ಚೀಲದಲ್ಲಿ ಐದು ಬೀಗ ಹಾಕಿಕೊಂಡು ಹೋಗಿದ್ದೆ. ಕೌಂಟರಿನ ಹುಡುಗ "ಏನ್ ಬೇಕು ಸಾರ್?" ಅಂದ.

"ಬೀಗ ಗೋಡೆಗೆ ಹಾಕೋಕೆ ಏನಾದ್ರೂ ಇದ್ರೆ ಕೊಡಪ್ಪ."

"ಬೀಗ ಬಾಗಿಲಿಗೆ ಹಾಕೋದಲ್ವಾ ಸಾರ್?"

ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಹಿರಿಯರು ನಕ್ಕರು. ಚೀಲದಿಂದ ಒಂದು ಬೀಗ ತೆಗೆದುಕೊಂಡರು, ಅಂಗೈಯಲ್ಲಿಟ್ಟು ತೂಕ ನೋಡಿದರು, ಕೊಂಡಿಯೊಳಗೆ ಕಿರುಬೆರಳು ತೂರಿಸಿದರು. ಕೀ ಇದೆಯಾ ಅಂದರು. ಅರ್ಧಕ್ಕರ್ಧ ಬೀಗಕ್ಕೆ ಕೀ ಇಲ್ಲ, ಮುಚ್ಚಿದ್ದು ಮುಚ್ಚಿದ ಹಾಗೇ ಇವೆ ಅಂದೆ. "ಹಂಗಾದ್ರೆ ಒಂದೊಂದಕ್ಕೆ ಹುಕ್ ಯಾಕೆ? ರಾಡ್ ತೂರಿಸ್ಬಿಡಿ. ಕುರಿ ಅಂಗಡಿಯೋರು ಹಾಕಲ್ವಾ, ಹಂಗೆ."

ಮಾಂಸದ ಅಂಗಡಿಯ ಅಡ್ಡ ರಾಡು! ಅಡುಗೆಮನೆಯಲ್ಲಿ ಸೌಟು ತೂಗುಹಾಕುವ ಕಂಬಿ, ಬಟ್ಟೆ ಅಂಗಡಿಯ ಹ್ಯಾಂಗರ್ ಕಂಬಿ, ಎಲ್ಲ ಅದೇ ಜಾತಿ. ಮೂರು ವಾರ ಹುಡುಕಿದರೂ ನನ್ನ ತಲೆಗೆ ಹೊಳೆಯದ್ದು ಆ ಕಿರುಬೆರಳಿಗೆ ಅರ್ಧ ನಿಮಿಷದಲ್ಲಿ ಹೊಳೆದಿತ್ತು. ಅದಕ್ಕೇ ಹೇಳುವುದು, ಅಂಗಡಿಗೆ ಹೋಗುವಾಗ ಸಾಮಾನಿನ ಹೆಸರು ಬೇಡ, ವಸ್ತು ಒಯ್ಯಿರಿ. ಫೋಟೋ ತೋರಿಸಿದರೂ ಆಗುವುದಿಲ್ಲ. ಅದರಲ್ಲಿ ತೂಕ ಕಾಣುವುದಿಲ್ಲ, ಬೆರಳು ತೂರುವುದಿಲ್ಲ. ಇನ್ನೊಂದು ವಿಷಯ, ಬೆಳಗ್ಗೆ ಹೊತ್ತು ಹೋಗಿ. ಸಂಜೆ ಕಂಟ್ರಾಕ್ಟರುಗಳು ಗುಂಪುಗಟ್ಟಿದಾಗ ನಿಮ್ಮ ಬೀಗ ನೋಡುವ ಪುರುಸೊತ್ತು ಯಾರಿಗೂ ಇರುವುದಿಲ್ಲ.

ರಾಡು ಎಷ್ಟು ದಪ್ಪ, ಎಷ್ಟು ದೂರಕ್ಕೆ ಆಧಾರ

ಪರದೆ ರಾಡು ಸುಲಭಕ್ಕೆ ಸಿಗುತ್ತದೆ, ಆದರೆ ಮುಕ್ಕಾಲು ಇಂಚು, ಒಂದು ಇಂಚು ದಪ್ಪ. ನನ್ನ ಸಣ್ಣ ಬೀಗಗಳಿಗೆ ತೂರುವುದಿಲ್ಲ. ಹಾಗಾಗಿ 8 ಮಿಲಿಮೀಟರಿನ ಸ್ಟೇನ್‌ಲೆಸ್ ಸ್ಟೀಲ್ ರಾಡು ಆರಿಸಿದೆ, ಗಟ್ಟಿಯದ್ದು, ಕೊಳವೆಯಲ್ಲ. ಗ್ರಿಲ್, ಗೇಟು ಮಾಡುವವರ ಹತ್ತಿರ ಬೇಕಾದ ಉದ್ದಕ್ಕೆ ಕತ್ತರಿಸಿ ಕೊಡುತ್ತಾರೆ. ತುದಿಯನ್ನು ಉಜ್ಜಿ ನುಣುಪು ಮಾಡಿಸಿಕೊಳ್ಳುವುದು ಮರೆಯಬೇಡಿ. ಇಲ್ಲದಿದ್ದರೆ ಬೀಗ ತೂರಿಸುವಾಗಲೆಲ್ಲ ಗೀರು ಬೀಳುತ್ತದೆ.

110 ಸೆಂಟಿಮೀಟರಿನ ಆರು ರಾಡು, ಒಂದೊಂದಕ್ಕೆ 11 ಬೀಗ. ಒಂದು ರಾಡಿನ ಮೇಲೆ ಸುಮಾರು 3 ಕಿಲೋ ಬೀಳುತ್ತದೆ. ಮೂರೇ ಕಿಲೋ ತಾನೇ ಅಂತ ಎರಡು ತುದಿಗೆ ಮಾತ್ರ ಆಧಾರ ಕೊಟ್ಟು ನೋಡಿದೆ. ರಾಡು ನಡುವೆ ಒಂದೂವರೆ ಸೆಂಟಿಮೀಟರ್ ಜೋತುಬಿತ್ತು. ಮುರಿಯುವುದಿಲ್ಲ, ಆದರೆ ಬೀಗಗಳೆಲ್ಲ ನಡುವಿಗೆ ಜಾರಿ ಗುಂಪುಗೂಡಿದವು. ನಡುವೆ ಇನ್ನೊಂದು ಆಧಾರ ಕೊಟ್ಟೆ. ಈಗ ಬಾಗು 1 ಮಿಲಿಮೀಟರ್ ಕೂಡ ಇಲ್ಲ. ಲೆಕ್ಕ ಸರಳ: ತೂಕ ಉದ್ದಕ್ಕೂ ಸಮನಾಗಿ ಹರಡಿದ್ದರೆ, ಆಧಾರಗಳ ನಡುವಿನ ದೂರ ಅರ್ಧವಾದಾಗ ಬಾಗುವುದು ಸುಮಾರು 16ನೇ ಒಂದು ಪಾಲಿಗೆ ಇಳಿಯುತ್ತದೆ. ದಪ್ಪ ರಾಡಿಗೆ ದುಡ್ಡು ಹಾಕುವ ಬದಲು ನಡುವೆ ಒಂದು ಆಧಾರ ಹಾಕಿ. ಪುಸ್ತಕದ ಶೆಲ್ಫ್ ಬಾಗಿದ್ದರೂ ಇದೇ ಮದ್ದು.

ಆಧಾರಕ್ಕೆ ಬಳಸಿದ್ದು ಐ ಬೋಲ್ಟ್. ತಲೆ ಉಂಗುರದ ಹಾಗೆ ಇರುವ ಬೋಲ್ಟು. ಉಂಗುರದ ಒಳ ಅಗಲ 10 ಮಿಲಿಮೀಟರ್ ಇದ್ದರೆ 8ರ ರಾಡು ಸಲೀಸಾಗಿ ಜಾರುತ್ತದೆ. ಸ್ಕ್ರೂ ತುದಿಯ ಐ ಹುಕ್ ಅಗ್ಗ, ಆದರೆ ತೆಳು ಹಲಗೆಯಲ್ಲಿ ಅದಕ್ಕೆ ಹಿಡಿತ ಸಾಲದು. ಹಿಂದಿನಿಂದ ವಾಷರ್, ನಟ್ಟು ಹಾಕಿ ಬಿಗಿಯುವ ಬೋಲ್ಟೇ ವಾಸಿ.

ಹಲಗೆ ಎಲ್ಲಿಂದ ಬಂತು ಅಂತೀರಾ? 18 ಆಧಾರ, ನಾಲ್ಕು ದೊಡ್ಡ ಹುಕ್ಕಿಗೆಲ್ಲ ಗೋಡೆಯನ್ನೇ ಕೊರೆದರೆ 22 ತೂತು. ಒಂದು ಓರೆಯಾದರೂ ಸಾಲು ಕೆಡುತ್ತದೆ. ಅದರ ಬದಲು ಎಲ್ಲವನ್ನೂ ಒಂದು ಹಲಗೆಗೆ ಬಿಗಿದು, ಹಲಗೆಯನ್ನು ಮಾತ್ರ ಗೋಡೆಗೆ ಏರಿಸಿದರೆ ಗೋಡೆಗೆ ಏಳೆಂಟೇ ತೂತು. ಮನೆ ಬದಲಿಸಿದಾಗ ಹಾಗೇ ಎತ್ತಿಕೊಂಡು ಹೋಗಬಹುದು. 12 ಮಿಲಿಮೀಟರ್ ಪ್ಲೈವುಡ್ಡಿನ 8 ಬೈ 4 ಅಡಿ ಹಾಳೆಯನ್ನು ಅರ್ಧ ಮಾಡಿಸಿದರೆ 4 ಬೈ 4 ಸಿಗುತ್ತದೆ. ಅದರ ತೂಕ ಸುಮಾರು 11 ಕಿಲೋ. ಬೀಗ, ರಾಡು ಸೇರಿ ಗೋಡೆಯ ಮೇಲೆ 38 ಕಿಲೋ ಆಯಿತು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗ ಅಂತ ಹೋಗಬೇಡಿ, ಅದರಲ್ಲೂ ಮಲೆನಾಡು, ಕರಾವಳಿಯವರು. ತೇವ ಕುಡಿದು ಉಬ್ಬುತ್ತದೆ.

ನಾಲ್ಕು ದೊಡ್ಡ ಬೀಗಗಳಿಗೆ ಹಲಗೆಯ ಕೆಳಗಿನ ಸಾಲು. ತೂತಿನಲ್ಲಿ ತೂರಿಸಿ ಹಿಂದೆ ನಟ್ಟು ಬಿಗಿಯುವ ದಪ್ಪ ಜೆ ಹುಕ್ ಹಾಕಿದೆ. ಅಕಸ್ಮಾತ್ ಬಿದ್ದರೂ ಕಡಿಮೆ ಎತ್ತರದಿಂದ ಬೀಳಲಿ ಅಂತ ಕೆಳಗೆ ಹಾಕಿದ್ದು. ಟೈಲ್ಸ್ ಮರೆತಿಲ್ಲ ನಾನು.

ಹಲಗೆಯನ್ನು ಗೋಡೆಗೆ ಏರಿಸುವುದು

ಫೋಟೋ ಫ್ರೇಮಿನ ತಂತಿ, ತಗಡಿನ ತ್ರಿಕೋನ ಹುಕ್ಕು, ಇವೆಲ್ಲ 38 ಕಿಲೋಗೆ ಆಗುವುದಿಲ್ಲ. ಬಡಗಿಗಳ ಒಂದು ಹಳೇ ಉಪಾಯ ಇದೆ. 18 ಮಿಲಿಮೀಟರ್ ಪ್ಲೈ ಪಟ್ಟಿಯೊಂದನ್ನು ಉದ್ದಕ್ಕೆ 45 ಡಿಗ್ರಿ ಓರೆಯಾಗಿ ಸೀಳಿಸಿ ಎರಡು ಮಾಡಿಸುವುದು. ಒಂದು ಪಟ್ಟಿ ಗೋಡೆಗೆ, ಓರೆ ಅಂಚು ಮೇಲಿರಲಿ, ಇಳಿಜಾರು ಗೋಡೆಯ ಕಡೆಗಿರಲಿ. ಗೋಡೆಗೂ ಪಟ್ಟಿಗೂ ನಡುವೆ ಒಂದು ಸಂದು ಆಗುತ್ತದೆ. ಇನ್ನೊಂದು ಪಟ್ಟಿಯನ್ನು ಹಲಗೆಯ ಹಿಂದೆ ಬೋರಲಾಗಿ ಅಂಟು ಹಾಕಿ, 25 ಮಿಲಿಮೀಟರ್ ಸ್ಕ್ರೂ ಬಿಗಿದು ಕೂರಿಸಿ. ಹಲಗೆ ಎತ್ತಿ ಸಂದಿಗೆ ಇಳಿಸಿದರೆ ತನ್ನ ತೂಕಕ್ಕೆ ತಾನೇ ಬಿಗಿಯಾಗಿ ಕೂರುತ್ತದೆ. ಹಲಗೆಯ ಹಿಂದೆ ಕೆಳಗೂ ಅಷ್ಟೇ ದಪ್ಪದ ಒಂದು ಪಟ್ಟಿ ಬೇಕು, ಇಲ್ಲದಿದ್ದರೆ ಹಲಗೆ ಒಳಕ್ಕೆ ವಾಲುತ್ತದೆ. ಹಿಂದೆ ಉಳಿಯುವ 18 ಮಿಲಿಮೀಟರ್ ಜಾಗದಲ್ಲಿ ನಟ್ಟುಗಳು ಅಡಗುತ್ತವೆ, ಗಾಳಿಯೂ ಆಡುತ್ತದೆ.

ಇನ್ನು ಕೊರೆಯುವುದು. ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ. ವೈರಿನ ಪೈಪು ಸಾಮಾನ್ಯವಾಗಿ ಅಲ್ಲೇ ಹೋಗಿರುತ್ತದೆ. ಬಚ್ಚಲುಮನೆಗೆ ಅಂಟಿದ ಗೋಡೆಯಾದರೆ ಆ ಕಡೆ ನಲ್ಲಿಗಳು ಎಲ್ಲಿವೆ ನೋಡಿಕೊಂಡು ಬನ್ನಿ. ಆ ಕೋಣೆಯ ಕರೆಂಟು ಕಡಿಯುವ ಎಂಸಿಬಿ ಸ್ವಿಚ್ಚು ಇಳಿಸಿ, ಡ್ರಿಲ್ಲಿಗೆ ಪಕ್ಕದ ಕೋಣೆಯಿಂದ ಲೈನು ಎಳೆದುಕೊಳ್ಳಿ.

ಮಟ್ಟ ನೋಡಲು ರಸಮಟ್ಟ ಇದ್ದರೆ ಸರಿ. ಇಲ್ಲದಿದ್ದರೆ ಗಾರೆಯವರ ಲೆವೆಲ್ ಪೈಪು ತನ್ನಿ. ಪಾರದರ್ಶಕ ಪೈಪಿಗೆ ಗುಳ್ಳೆ ಉಳಿಯದ ಹಾಗೆ ನೀರು ತುಂಬಿ ಎರಡು ತುದಿ ಗೋಡೆಗೆ ಹಿಡಿದರೆ, ಎರಡೂ ಕಡೆ ನೀರು ನಿಂತ ಜಾಗ ಒಂದೇ ಮಟ್ಟ. ನಾಲ್ಕಡಿ ಉದ್ದಕ್ಕೆ ಮೊಬೈಲಿನ ಆ್ಯಪಿಗಿಂತ ಇದನ್ನೇ ನಾನು ನಂಬುವುದು.

ಗಿಟ್ಟಿಯನ್ನು ಅಂಗಡಿಯಲ್ಲಿ ರಾವಲ್ ಪ್ಲಗ್ ಅಂತಲೂ ಕೇಳಬಹುದು. ಸಣ್ಣಪುಟ್ಟ ಕೆಲಸಕ್ಕೆ 6 ಮಿಲಿಮೀಟರ್ ಗಿಟ್ಟಿ, 8ನೇ ನಂಬರ್ ಸ್ಕ್ರೂ ಸಾಕು. ಅಂಗಡಿಯಲ್ಲಿ "35 ಬೈ 8" ಅಂತ ಕೇಳಿದರೆ 35 ಮಿಲಿಮೀಟರ್ ಉದ್ದದ 8ನೇ ನಂಬರ್ ಕೊಡುತ್ತಾರೆ. ನನ್ನ ಹಲಗೆಗೆ ಇದು ಸಾಲದು. ಲೆಕ್ಕ ಹಾಕಿ: ಪಟ್ಟಿ 18, ಪ್ಲಾಸ್ಟರ್ 15, ಅದರಾಚೆ ಗೋಡೆಯೊಳಗೆ ಕೂರಬೇಕಾದ 8 ಮಿಲಿಮೀಟರಿನ ಗಿಟ್ಟಿ 40 ಉದ್ದ. ಒಟ್ಟು 73. ಹಾಗಾಗಿ 75 ಮಿಲಿಮೀಟರಿನ 10ನೇ ನಂಬರ್ ಸ್ಕ್ರೂ. ಗಿಟ್ಟಿಯನ್ನು ಪ್ಲಾಸ್ಟರಿನಲ್ಲೇ ನಿಲ್ಲಿಸದೆ ಮೊಳೆಯಿಂದ ಮೆಲ್ಲಗೆ ಬಡಿದು ಒಳಗೆ ತಳ್ಳಬೇಕು. ತುಂಬ ಜನ ತಪ್ಪುವುದು ಇಲ್ಲೇ. ನನ್ನ ಮನೆಗೆ ಮೊದಲು ಬಂದ ಡ್ರಿಲ್ಲಿನವನೂ ಗಿಟ್ಟಿಯ ಬಾಯಿ ಗೋಡೆಯ ಮೇಲ್ಮೈಗೆ ಸಮ ಮಾಡಿ ಹೋಗಿದ್ದ. ಚಂದ ಕಾಣುತ್ತಿತ್ತು, ಅರ್ಧ ಹಿಡಿತ ಪ್ಲಾಸ್ಟರಿನಲ್ಲೇ.

ಡ್ರಿಲ್ ಬಿಟ್ 8 ಮಿಲಿಮೀಟರಿನದ್ದು, ಗೋಡೆಗೆಂದೇ ಇರುವುದು. ತುದಿಯಿಂದ 65 ಮಿಲಿಮೀಟರಿಗೆ ಒಂದು ಟೇಪು ಸುತ್ತಿ, ಟೇಪು ಗೋಡೆಗೆ ತಾಗಿದಾಗ ನಿಲ್ಲಿಸಿ. ತೂತಿನ ಕೆಳಗೆ ಹಳೇ ಲಗ್ನಪತ್ರಿಕೆಯ ಕವರು ಬಾಯಿ ತೆರೆದು ಅಂಟಿಸಿದರೆ ಪುಡಿಯೆಲ್ಲ ಅದರಲ್ಲಿ ಬೀಳುತ್ತದೆ. ಕೊರೆದ ಮೇಲೆ ಸೈಕಲ್ ಪಂಪಿನಿಂದ ಊದಿ ತೂತು ಚೊಕ್ಕ ಮಾಡಿ, ಕಣ್ಣಿಗೆ ಕನ್ನಡಕ ಇರಲಿ. ಪುಡಿ ಒಳಗೇ ಉಳಿದರೆ ಗಿಟ್ಟಿ ಪೂರ್ತಿ ಹೋಗುವುದಿಲ್ಲ. ಗಿಟ್ಟಿ ಕೈಯಲ್ಲಿ ಸಡಿಲವಾಗಿ ಹೋದರೆ ಬೆಂಕಿಕಡ್ಡಿ ತುರುಕಿ ಬಿಗಿ ಮಾಡುವವರಿದ್ದಾರೆ. ಕ್ಯಾಲೆಂಡರಿಗೆ ನಡೆಯುತ್ತದೆ, 38 ಕಿಲೋಗೆ ಬೇಡ. ಪಕ್ಕದಲ್ಲಿ ಎರಡಿಂಚು ಸರಿದು ಹೊಸ ತೂತು ಕೊರೆಯಿರಿ. ಅಥವಾ ಒಂದು ಸೈಜು ದೊಡ್ಡ ಗಿಟ್ಟಿ ಹಾಕಿ.

ನಾಲ್ಕಡಿ ಪಟ್ಟಿಗೆ ನಾನು ಏಳು ಸ್ಕ್ರೂ ಹಾಕಿದೆ. ಮೂರು ನಾಲ್ಕೇ ಸಾಕಾಗುತ್ತಿತ್ತೇನೋ. ಆದರೆ ಒಂದು ಗಿಟ್ಟಿ ಕೈಕೊಟ್ಟರೂ ಉಳಿದವು ಹಿಡಿಯಬೇಕಲ್ಲ. ಹಲಗೆ ಏರಿಸುವ ಮುಂಚೆ ಪಟ್ಟಿಗೆ ಎರಡೂ ಕೈ ಹಾಕಿ ಜೋತುಬಿದ್ದು ನೋಡಿದೆ. ನನ್ನ ತೂಕ 74 ಕಿಲೋ. ಹೀಗೆ ಪರೀಕ್ಷೆ ಮಾಡುವುದಾದರೆ ಕಾಲು ನೆಲದ ಹತ್ತಿರವೇ ಇರಲಿ, ಭಾರ ನಿಧಾನಕ್ಕೆ ಬಿಡಿ.

ಲೋಹಕ್ಕೆ ಲೋಹ ಆಗದಿದ್ದಾಗ

ಕರಾವಳಿಯವರಿಗೆ ಒಂದು ಕಿವಿಮಾತು. ಉಪ್ಪುಗಾಳಿಯಲ್ಲಿ ಹಿತ್ತಾಳೆಯೂ ಸಾದಾ ಕಬ್ಬಿಣವೂ ಒಂದಕ್ಕೊಂದು ತಾಗಿಕೊಂಡಿದ್ದರೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕಿನ ಕಲೆ ಹಿತ್ತಾಳೆಗೂ ಇಳಿಯುತ್ತದೆ. ಹುಕ್ಕು, ರಾಡು ಎರಡೂ ಹಿತ್ತಾಳೆಯದ್ದು ಅಥವಾ 304 ದರ್ಜೆಯ ಸ್ಟೇನ್‌ಲೆಸ್ ಆಗಿರಲಿ. ಅಯಸ್ಕಾಂತ ಅಂಟಲಿಲ್ಲ ಅಂದರೆ 304 ಅಂತ ಅಂಗಡಿಯಲ್ಲಿ ಹೇಳುವುದುಂಟು. 202 ದರ್ಜೆಗೂ ಅದು ಅಂಟುವುದಿಲ್ಲ, ಆದರೆ 202 ಉಪ್ಪುಗಾಳಿಗೆ ಬೇಗ ಸೋಲುತ್ತದೆ. ಹಾಗಾಗಿ ಅಯಸ್ಕಾಂತದ ಮೇಲೆ ಭರವಸೆ ಇಡದೆ ಬಿಲ್ಲಿನಲ್ಲಿ 304 ಅಂತ ಬರೆಸಿಕೊಳ್ಳಿ. ಪಿಒಪಿ ಕೆಲಸದವರು ಬಳಸುವ ಕಪ್ಪು ಸ್ಕ್ರೂ ಕೂಡ ತೇವದಲ್ಲಿ ತುಕ್ಕು ಹಿಡಿಯುತ್ತದೆ.

ಗೀರು ಬೀಳದಿರಲಿ ಅಂತ ಬೀಗದ ಹಿಂದೆ ರಬ್ಬರ್ ತುಂಡು ಅಂಟಿಸುವ ಮನಸ್ಸಾಗುತ್ತದೆ. ನಾನೂ ಅಂಟಿಸಿದ್ದೆ. ರಬ್ಬರಿನಲ್ಲಿ ಗಂಧಕ ಇರುತ್ತದೆ, ಹಿತ್ತಾಳೆ, ತಾಮ್ರ, ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಕಾರ್ಕ್ ಹಾಳೆಯ ತುಂಡು ಅಂಟಿಸಿ.

ನಿಮ್ಮದು ಬೀಗ ಅಲ್ಲದಿದ್ದರೆ

ಅಂಗೈ ಅಗಲದ ಆಟಿಕೆ ಕಾರುಗಳಾದರೆ ಅಲ್ಯೂಮಿನಿಯಂ ಕಿಟಕಿ ಮಾಡುವವರ ಹತ್ತಿರ ಹೋಗಿ. ಅವರು ಕತ್ತರಿಸಿ ಉಳಿಸಿದ ಯು ಚಾನಲ್ ತುಂಡುಗಳೇ ಕಾರಿಗೆ ರಸ್ತೆಯಾಗುತ್ತವೆ. 1:64 ಅಳತೆಯ ಕಾರು ಸುಮಾರು 3 ಸೆಂಟಿಮೀಟರ್ ಅಗಲ ಇರುತ್ತದೆ, ಚಾನಲ್ಲಿನ ಒಳ ಅಗಲ ಅದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಅಯಸ್ಕಾಂತದ ಪಟ್ಟಿಗೆ ಅಂಟಿಸುವ ಆಸೆ ಬೇಡ. ಆ ಕಾರುಗಳ ಲೋಹದ ಮೈ ಸತುವಿನ ಮಿಶ್ರಣ, ಅಯಸ್ಕಾಂತಕ್ಕೆ ಸೊಪ್ಪು ಹಾಕುವುದಿಲ್ಲ.

ಟೋಪಿ, ಕೀಚೈನ್, ಪದಕ, ಬ್ಯಾಡ್ಜುಗಳಿಗೆ ಮೊಬೈಲ್ ಕವರ್ ಮಾರುವ ಅಂಗಡಿಯನ್ನೊಮ್ಮೆ ದಿಟ್ಟಿಸಿ ನೋಡಿ. ಗೋಡೆ ತುಂಬ ಜಾಲರಿ, ಅದಕ್ಕೆ ಸಿಕ್ಕಿಸಿ ತೆಗೆಯುವ ಹುಕ್ಕುಗಳು. ಅಂಗಡಿ ಫಿಟಿಂಗ್ಸ್ ಮಾರುವವರಲ್ಲಿ ಇದು ಬಿಡಿಯಾಗಿ ಸಿಗುತ್ತದೆ, ಮುಚ್ಚುತ್ತಿರುವ ಅಂಗಡಿಯವರು ಅಗ್ಗಕ್ಕೂ ಕೊಡುತ್ತಾರೆ. ಬೆಂಕಿಪೊಟ್ಟಣದ ಚೀಟಿ, ಅಂಚೆಚೀಟಿಯವರು ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಗೆ. ಅಂಟು ತಾಗಿಸಬೇಡಿ ಅಂತ ಮೊದಲೇ ಹೇಳಿ, ಬಿಸಿಲು ಬೀಳದ ಗೋಡೆ ಆರಿಸಿ. ಪಿಂಗಾಣಿ ತಟ್ಟೆಯವರಿಗೆ ಸ್ಪ್ರಿಂಗ್ ತಂತಿಯ ಹಿಡಿಕೆ ಸಿಗುತ್ತದೆ. ಅದರ ಉಗುರುಗಳಿಗೆ ಪ್ಲಾಸ್ಟಿಕ್ ತೊಡಿಸಿರಬೇಕು, ಇಲ್ಲದಿದ್ದರೆ ಅಂಚು ಚಕ್ಕೆ ಏಳುತ್ತದೆ.

ಬಾಡಿಗೆ ಮನೆಯವರು ಎರಡು ಕಡೆ ಅಂಟುವ ಟೇಪಿನ ಆಸೆಗೆ ಬೀಳುತ್ತಾರೆ. ಟೇಪು ಬಿಡುವುದಿಲ್ಲ, ನಿಜ. ಆದರೆ ಅದು ಹಿಡಿದಿರುವುದು ಬಣ್ಣವನ್ನು. ಬಣ್ಣ ಪುಟ್ಟಿ ಸಮೇತ ಸಿಪ್ಪೆಯ ಹಾಗೆ ಎದ್ದು ಬಂದರೆ, ನಾಲ್ಕು ತೂತು ಮುಚ್ಚುವುದಕ್ಕಿಂತ ಅದನ್ನು ಸರಿಮಾಡುವುದೇ ಕಷ್ಟ. ಓನರ್ ಹತ್ತಿರ ಕೇಳಿ, ನಾಲ್ಕೇ ತೂತು, ಹೋಗುವಾಗ ಪುಟ್ಟಿ ಹಾಕಿಸಿ ಕೊಡುತ್ತೇನೆ ಅಂತ ಮಾತು ಕೊಡಿ. ಒಪ್ಪದಿದ್ದರೆ ಹಳೇ ಬ್ಲ್ಯಾಕ್‌ಬೋರ್ಡ್ ಸ್ಟ್ಯಾಂಡಿನಂಥ ಕಾಲಿನ ಮೇಲೆ ಹಲಗೆ ನಿಲ್ಲಿಸಿ.

ನನ್ನ ಹಲಗೆ ಏರಿ ಒಂದು ವರ್ಷವಾಯಿತು. ಮೊದಲ ತಿಂಗಳು ವಾರಕ್ಕೊಮ್ಮೆ ನಟ್ಟುಗಳನ್ನು ಮುಟ್ಟಿ ನೋಡಿದೆ, ಎರಡು ಸಡಿಲವಾಗಿದ್ದವು, ಬಿಗಿದೆ. ರಾಡು ಪಕ್ಕಕ್ಕೆ ಜಾರದಿರಲು ತುದಿಗೆ ಏನು ಹಾಕುವುದು ಅಂತ ಯೋಚಿಸುತ್ತಿದ್ದಾಗ ಕಣ್ಣಿಗೆ ಬಿದ್ದದ್ದು ಅದೇ ಲೆವೆಲ್ ಪೈಪು. ಅರ್ಧ ಇಂಚಿನ ತುಂಡುಗಳನ್ನು ಕತ್ತರಿಸಿ, ಬಿಸಿನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ ರಾಡಿನ ಎರಡೂ ತುದಿಗೆ ತೊಡಿಸಿದೆ. ಹೊಸ ಬೀಗ ಬಂದಾಗ ಒಂದು ತುಂಡು ಕಿತ್ತು, ರಾಡು ಸ್ವಲ್ಪ ಎಳೆದು, ತೂರಿಸಿದರೆ ಆಯಿತು. ನಾಲ್ಕನೇ ರಾಡಿನಲ್ಲಿ ಇನ್ನೂ ಎರಡು ಬೀಗಕ್ಕೆ ಜಾಗ ಇದೆ.